ವಿದ್ಯಾರ್ಥಿಗಳನ್ನು ಡೆಂಚರ್ (ಕಟ್ಟುಹಲ್ಲು) ಕ್ಲಿನಿಕ್‌ಗೆ ಕಳಿಸುವ ಮುನ್ನ ಹತ್ತು ಸೆಷನ್: ಯಾವುದಕ್ಕೆ ಎಷ್ಟು ಕೊಡಬೇಕು?

ಮೇಣದ ಬೆಂಚು (ಪ್ರಶ್ನೆ):

ದಂತವೈದ್ಯ ವಿದ್ಯಾರ್ಥಿಗಳ ಪ್ರೀ-ಕ್ಲಿನಿಕಲ್ ಲ್ಯಾಬ್ (ರೋಗಿಯಿಲ್ಲದ ಅಭ್ಯಾಸ) ಮುಗಿದು ಮೊದಲ ರೋಗಿ ಸಿಗುವ ನಡುವೆ ಇರುವುದು ಹತ್ತು ಸೆಷನ್, ತಲಾ ಮೂರು ಗಂಟೆ. ಕಂಪ್ಲೀಟ್ ಡೆಂಚರ್ (ಪೂರ್ತಿ ಸೆಟ್), ಪಾರ್ಶಿಯಲ್ ಡೆಂಚರ್ (ಕೆಲವೇ ಹಲ್ಲಿನದು) ಎರಡಕ್ಕೂ ವಿದ್ಯಾರ್ಥಿಗಳನ್ನು ಅಷ್ಟರಲ್ಲೇ ತಯಾರು ಮಾಡಬೇಕು.

ರಬ್ಬರ್ ಮೋಲ್ಡ್‌ನಲ್ಲಿ ಎರೆದ ಹಲ್ಲಿಲ್ಲದ ಕಾಸ್ಟ್ (ದವಡೆಯ ಜಿಪ್ಸಂ ಪ್ರತಿ) ಮೇಲೆ ಬೇಸ್ (ಒಸಡಿನ ಮೇಲೆ ಕೂರುವ ತಟ್ಟೆ), ರಿಮ್ (ಹಲ್ಲಿನ ಜಾಗದ ಮೇಣದ ದಿಂಡು), ಹಲ್ಲು ಜೋಡಣೆ, ಫ್ಲಾಸ್ಕಿಂಗ್ (ಮೇಣದ ಡೆಂಚರನ್ನು ಅಚ್ಚುಪೆಟ್ಟಿಗೆಯಲ್ಲಿ ಹೂಳುವುದು), ಪಾಲಿಶ್ ಎಲ್ಲಕ್ಕೂ ಅವರ ಕೈ ಕುಳಿತಿರುತ್ತದೆ. ಎಡವುವುದು ಬೇರೆ ಕಡೆ. ಆಲ್ಜಿನೇಟ್ (ಅಚ್ಚು ತೆಗೆಯುವ ಮೆತ್ತನೆ ವಸ್ತು) ಗಂಟಲಿನತ್ತ ಇಳಿದು ರೋಗಿಗೆ ಓಕರಿಕೆ ಬರುತ್ತದೆ. ಸ್ಪೆಷಲ್ ಟ್ರೇ (ಆ ರೋಗಿಯ ಬಾಯಿಗೆಂದೇ ಮಾಡಿದ ಅಚ್ಚುತಟ್ಟೆ) ಅಂಚು ಸಲ್ಕಸ್‌ನ (ಒಸಡು, ಕೆನ್ನೆಗಳ ನಡುವಿನ ತಗ್ಗು) ತಳಕ್ಕೇ ತಾಗಿರುತ್ತದೆ. ಬಾರ್ಡರ್ ಮೋಲ್ಡಿಂಗ್‌ಗೆ (ಟ್ರೇ ಅಂಚಿಗೆ ಬಾಯಲ್ಲೇ ಆಕಾರ ಕೊಡುವುದು) ಎರಡು ಗಂಟೆ ಹೋದರೂ ಅಂಚೆಲ್ಲ ಸುಕ್ಕು. ಜಾ ರಿಲೇಷನ್ (ಎರಡು ದವಡೆ ಕೂಡುವ ಸ್ಥಾನ ದಾಖಲಿಸುವುದು) ದಿನ ರೋಗಿ ದವಡೆ ಮುಂದೆ ಚಾಚಿ ಕಚ್ಚಿದ್ದು ಟ್ರೈ-ಇನ್ (ಮೇಣದಲ್ಲಿ ಜೋಡಿಸಿದ ಹಲ್ಲನ್ನು ಬಾಯಿಗಿಟ್ಟು ನೋಡುವುದು) ತನಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೇಳಬೇಕಿರುವುದು ಮೂರು. ಹಲ್ಲು ಜೋಡಣೆ ಮತ್ತೊಮ್ಮೆ ಮಾಡಿಸಬೇಕೇ ಅಥವಾ ಆ ಸಮಯವನ್ನು ಇಂಪ್ರೆಷನ್‌ಗೆ (ಬಾಯಿಯ ಅಚ್ಚು ತೆಗೆಯುವುದಕ್ಕೆ) ಕೊಡಬೇಕೇ? ಹಲ್ಲಿರುವ ಸಹಪಾಠಿಗಳ ಬಾಯಲ್ಲಿ ಬಾರ್ಡರ್ ಮೋಲ್ಡಿಂಗ್ ಅಭ್ಯಾಸ ಮಾಡಿಸಿದರೆ ಉಪಯೋಗವಿದೆಯೇ? ಪಾರ್ಶಿಯಲ್‌ಗೆ ಎಷ್ಟು ಸೆಷನ್ ಬಿಡಬೇಕು?

---

ಗ್ರೀನ್‌ಸ್ಟಿಕ್:

ಹಲ್ಲು ಜೋಡಣೆ ಮತ್ತೆ ಬೇಡ. ಹತ್ತರಲ್ಲಿ ನಾಲ್ಕು ಸೆಷನ್ ಇಂಪ್ರೆಷನ್‌ಗೇ ಕೊಡಿ. ಅದರಲ್ಲೂ ಮೊದಲ ಸೆಷನ್‌ನಲ್ಲಿ ಯಾರೂ ಅಚ್ಚು ತೆಗೆಯುವುದು ಬೇಡ, ಅಚ್ಚು ಓದಲಿ. ಕೆಟ್ಟ ಇಂಪ್ರೆಷನ್‌ಗಳನ್ನು ಎಸೆಯದೆ ಹತ್ತು ಹನ್ನೆರಡು ಎತ್ತಿಡಿ (ಸೋಂಕು ನಿವಾರಣೆ ಮಾಡಿದ ಮೇಲೆ). ಆಲ್ಜಿನೇಟ್ ಒಣಗಿ ಮುದುಡುತ್ತದೆ, ಹಾಗಾಗಿ ಅದರದ್ದು ಕಾಸ್ಟ್ ಇಟ್ಟುಕೊಳ್ಳಿ. ಕಾಂಪೌಂಡ್ (ಕಾಯಿಸಿದರೆ ಮೆತ್ತಗಾಗುವ ಅಚ್ಚುವಸ್ತು), ಜಿಂಕ್ ಆಕ್ಸೈಡ್ ಪೇಸ್ಟ್ ಅಚ್ಚುಗಳು ಹಾಗೇ ಉಳಿಯುತ್ತವೆ. ಪ್ರತಿಯೊಂದಕ್ಕೂ ವಿದ್ಯಾರ್ಥಿ ಮೂರು ಮಾತು ಬರೆಯಬೇಕು: ಏನು ತಪ್ಪಿದೆ, ಯಾವ ಹೆಜ್ಜೆಯಲ್ಲಿ ತಪ್ಪಿತು, ಹಾಗೇ ಮುಂದುವರಿದರೆ ಡೆಂಚರ್ ಎಲ್ಲಿ ಕೈಕೊಡುತ್ತದೆ.

ಉದಾಹರಣೆಗೆ ಪೇಸ್ಟ್ ಅಚ್ಚಿನಲ್ಲಿ ಒಂದು ಕಡೆ ಟ್ರೇಯ ಬಣ್ಣ ಇಣುಕುತ್ತಿದ್ದರೆ ಅಲ್ಲಿ ಟ್ರೇ ಒಸಡನ್ನು ಒತ್ತಿದೆ ಎಂದರ್ಥ. ಅಲ್ಲಿ ಟ್ರೇಯನ್ನೇ ಕೆರೆದು ಮತ್ತೆ ಅಚ್ಚು ತೆಗೆಯಬೇಕು. ಮೇಲೆ ಇನ್ನಷ್ಟು ಪೇಸ್ಟ್ ಸವರಿ ಮುಚ್ಚಿಬಿಟ್ಟರೆ ಅದೇ ಜಾಗದಲ್ಲಿ ಡೆಂಚರ್ ಹುಣ್ಣು ಮಾಡುತ್ತದೆ. ಕೆಳದವಡೆಯ ನಾಲಿಗೆ ಬದಿಯ ಅಂಚು ನೇರವಾಗಿ ಓಡಿದ್ದರೆ ಅದು ಚಿಕ್ಕದಾಗಿದೆ. ಸರಿಯಾದದ್ದು ಮೇಲಿಂದ ನೋಡಿದಾಗ ಇಂಗ್ಲಿಷ್ ಎಸ್ ಅಕ್ಷರದಂತೆ ಬಳುಕಿರುತ್ತದೆ.

ಈಗ ಟ್ರೇ. ನೀವು ಹೇಳಿದ ಸುಕ್ಕು ಅಂಚುಗಳಲ್ಲಿ ಮುಕ್ಕಾಲು ಪಾಲಿಗೆ ಬೇರು ಅಲ್ಲೇ ಇದೆ. ಸ್ಪೆಷಲ್ ಟ್ರೇ ಅಂಚು ಸಲ್ಕಸ್‌ನ ಆಳಕ್ಕಿಂತ 2 ಮಿ.ಮೀ. ಗಿಡ್ಡ ಇರಬೇಕು, ಫ್ರೀನಂ (ತುಟಿ, ಕೆನ್ನೆಯನ್ನು ಒಸಡಿಗೆ ಕಟ್ಟುವ ಮಡಿಕೆ) ಇರುವಲ್ಲಿ ಸಾಕಷ್ಟು ಕತ್ತರಿಸಿರಬೇಕು. ಕಾಸ್ಟ್ ಮೇಲೆ ಸಲ್ಕಸ್‌ನ ತಳಕ್ಕೆ ಒಂದು ಪೆನ್ಸಿಲ್ ಗೆರೆ, ಅದರಿಂದ 2 ಮಿ.ಮೀ. ಮೇಲೆ ಇನ್ನೊಂದು ಗೆರೆ ಎಳೆಸಿ. ಟ್ರೇ ಎರಡನೆಯ ಗೆರೆಗೆ ನಿಲ್ಲಲಿ. ಒಂದು ಪದರ ಮಾಡೆಲಿಂಗ್ ವ್ಯಾಕ್ಸ್ ಸ್ಪೇಸರ್ (ಅಚ್ಚುವಸ್ತುವಿಗೆ ಜಾಗ ಬಿಡುವ ಮೇಣ) ಸಾಕು. ಮೇಲ್ದವಡೆಯಲ್ಲಿ ಹಿಂಭಾಗದ ಪೋಸ್ಟೀರಿಯರ್ ಪ್ಯಾಲಟಲ್ ಸೀಲ್ (ಡೆಂಚರ್ ಅಂಗುಳಕ್ಕೆ ಗಾಳಿ ನುಗ್ಗದಂತೆ ಅಂಟುವ ಪಟ್ಟಿ) ಜಾಗಕ್ಕೆ ಸ್ಪೇಸರ್ ಹಾಕಬಾರದು. ಕೋರೆಹಲ್ಲು, ದವಡೆಹಲ್ಲುಗಳ ಜಾಗದಲ್ಲಿ ನಾಲ್ಕು ಕಿಂಡಿ ಕೊರೆದು ಸ್ಟಾಪ್ ಮಾಡಿಸಿ. ಸ್ಟಾಪ್ ಇಲ್ಲದ ಟ್ರೇ ಪ್ರತಿ ಸಲವೂ ಬೇರೆ ಬೇರೆ ಆಳಕ್ಕೆ ಕೂರುತ್ತದೆ, ಹಾಗಾದರೆ ಮೊದಲ ಸಲ ಮಾಡಿದ ಅಂಚಿಗೂ ಐದನೆಯ ಸಲದ್ದಕ್ಕೂ ತಾಳೆಯೇ ಇರುವುದಿಲ್ಲ. ಹಿಡಿಯನ್ನು ಮುಂದಿನ ಹಲ್ಲುಗಳು ಇರಬೇಕಿದ್ದ ದಿಕ್ಕಿನಲ್ಲೇ ನಿಲ್ಲಿಸಿ. ಅಡ್ಡಕ್ಕೆ ಚಾಚಿದ ಹಿಡಿ ತುಟಿಯನ್ನು ತಳ್ಳುತ್ತದೆ, ಆಗ ಮುಂಭಾಗದ ಅಂಚು ಎಂದೂ ಸರಿ ಬರುವುದಿಲ್ಲ. ಸೆಲ್ಫ್ ಕ್ಯೂರ್ ಅಕ್ರಿಲಿಕ್ ಟ್ರೇಯನ್ನು ಹಿಂದಿನ ದಿನವೇ ಮಾಡಿಡಬೇಕು, ಮಾಡಿದ ಮೇಲೂ ಕೆಲವು ಗಂಟೆ ಅದರ ಆಕಾರ ಕೊಂಚ ಬದಲಾಗುತ್ತಲೇ ಇರುತ್ತದೆ.

ಸಹಪಾಠಿಗಳ ಬಾಯಿ ಖಂಡಿತ ಉಪಯೋಗ. ಫ್ಯಾಂಟಮ್ ತಲೆಗೆ (ಅಭ್ಯಾಸದ ಬೊಂಬೆತಲೆ) ರಬ್ಬರ್ ಕೆನ್ನೆ ಇರಬಹುದು, ಆದರೆ ಮಾಸೆಟರ್ (ಕಚ್ಚುವ ಕೆನ್ನೆಯ ಸ್ನಾಯು) ಇಲ್ಲ, ಬಾಯಿ ತೆರೆದಾಗ ಮುಂದೆ ಬರುವ ಕೊರೊನಾಯ್ಡ್ (ಕೆಳದವಡೆ ಮೂಳೆಯ ಮೇಲ್ಚಾಚು) ಇಲ್ಲ, ಎದ್ದು ಬರುವ ನಾಲಿಗೆ ಇಲ್ಲ. ಅವೆಲ್ಲ ಹಲ್ಲಿರುವವರಲ್ಲೂ ಹಾಗೇ ಇವೆ. ಸಹಪಾಠಿಯ ಆಲ್ಜಿನೇಟ್ ಅಚ್ಚು, ಸ್ಟೋನ್ ಕಾಸ್ಟ್, ಹಲ್ಲಿನ ಮೇಲೆ ಎರಡು ಪದರ ಸ್ಪೇಸರ್ ಹಾಕಿ ಟ್ರೇ, ಗ್ರೀನ್ ಸ್ಟಿಕ್‌ನಲ್ಲಿ (ಕಾಂಪೌಂಡ್‌ನ ಕಡ್ಡಿ) ಅಂಚು. ಕೊನೆಯ ಅಚ್ಚಿಗೆ ಮಾತ್ರ ಎಚ್ಚರ: ಜಿಂಕ್ ಆಕ್ಸೈಡ್ ಪೇಸ್ಟ್ ಹಾಕಲೇಬೇಡಿ, ಗಟ್ಟಿಯಾದ ಮೇಲೆ ಅದಕ್ಕೆ ಬಳುಕು ಇಲ್ಲ, ಹಲ್ಲಿನ ಅಂಡರ್‌ಕಟ್‌ಗಳಲ್ಲಿ (ಉಬ್ಬಿನ ಕೆಳಗಿನ ತಗ್ಗು) ಕಚ್ಚಿಕೊಳ್ಳುತ್ತದೆ. ಮೀಡಿಯಂ ಬಾಡಿ ರಬ್ಬರ್ ಬಳಸಿ.

ಗ್ರೀನ್ ಸ್ಟಿಕ್ ಕೈಗೆ ಬರಲು ಒಂದು ಅರ್ಧ ಗಂಟೆಯ ಪಾಠ ಸಾಕು, ಬಾಯಿ ಬೇಕಿಲ್ಲ. ಸ್ಪಿರಿಟ್ ಲ್ಯಾಂಪ್ ಮೇಲೆ ಕಡ್ಡಿಯನ್ನು ತಿರುಗಿಸುತ್ತಾ ಇರಬೇಕು. ತುದಿ ತಲೆ ಬಾಗಿಸಿತು ಅಂದರೆ ಸಾಕು. ತೊಟ್ಟಿಕ್ಕಿದರೆ, ಕುದಿದರೆ, ಹೊಗೆಯಾಡಿದರೆ ಜಾಸ್ತಿಯಾಯಿತು: ಒಳಗಿನ ಮೇಣದಂಶ ಹೋಗಿ ಕಡ್ಡಿ ಪೆಡಸಾಗುತ್ತದೆ. ಒಣ ಟ್ರೇ ಅಂಚಿಗೆ 3-4 ಮಿ.ಮೀ. ದಪ್ಪಕ್ಕೆ ಹಚ್ಚಿ, ಟಾರ್ಚ್‌ನಿಂದ ಮೇಲ್ಮೈ ಸಮ ಮಾಡಿ, 55ರಿಂದ 60 ಡಿಗ್ರಿ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ, ಆಮೇಲೆ ಬಾಯಿಗೆ. ಈ ಅದ್ದುವ ಹೆಜ್ಜೆಯನ್ನು ಬಿಟ್ಟವರೇ ರೋಗಿಯ ತುಟಿ ಸುಡುವುದು. ಟ್ರೇ ಒದ್ದೆ ಇದ್ದರೆ ಕಾಂಪೌಂಡ್ ಅಂಟದೆ ಸಿಪ್ಪೆಯಂತೆ ಎದ್ದು ಬರುತ್ತದೆ, ಅದೂ ಗೊತ್ತಿರಲಿ.

ಒಮ್ಮೆಗೆ ಒಂದೇ ಭಾಗ. ಮೇಲ್ದವಡೆಯಲ್ಲಿ ತುಟಿಯನ್ನು ಹೊರಕ್ಕೆ, ಕೆಳಕ್ಕೆ, ಒಳಕ್ಕೆ. ಬಕಲ್ (ಕೆನ್ನೆ ಬದಿಯ) ಫ್ರೀನಂ ಹತ್ತಿರ ಕೆನ್ನೆಗೆ ಅದರ ಜೊತೆ ಹಿಂದೆ ಮುಂದೆ ಚಲನೆಯೂ ಬೇಕು. ಹಿಂಭಾಗದಲ್ಲಿ ಬಾಯಿ ಅಗಲಿಸಿ ದವಡೆಯನ್ನು ಎಡಬಲಕ್ಕೆ ಆಡಿಸಲು ಹೇಳಬೇಕು. ಇದನ್ನು ಮರೆತರೆ ಅಲ್ಲಿಯ ಅಂಚು ದಪ್ಪವಾಗಿ ಉಳಿದು, ಮುಂದೆ ರೋಗಿ ಆಕಳಿಸಿದಾಗೆಲ್ಲ ಮೇಲಿನ ಡೆಂಚರ್ ಉದುರುತ್ತದೆ. ಕೆಳದವಡೆಯಲ್ಲಿ ತುಟಿ ಕೆನ್ನೆಗಳು ಹೊರಕ್ಕೆ, ಮೇಲಕ್ಕೆ, ಒಳಕ್ಕೆ. ಮಾಸೆಟರ್ ಜಾಗಕ್ಕೆ ಟ್ರೇಯನ್ನು ಬೆರಳಿಂದ ಕೆಳಗೆ ಒತ್ತಿ ಹಿಡಿದು ರೋಗಿಗೆ ಕಚ್ಚಲು ಹೇಳಿ. ನಾಲಿಗೆ ಬದಿಗೆ ನಾಲಿಗೆಯನ್ನು ಹೊರಚಾಚುವುದು, ಎರಡೂ ಕೆನ್ನೆಗೆ ಮುಟ್ಟಿಸುವುದು, ಮುಂದಿನ ಅಂಗುಳಕ್ಕೆ ಒತ್ತುವುದು. ತೆಗೆದ ಕೂಡಲೇ ತಣ್ಣೀರಿಗೆ ಹಾಕಿ, ಗಟ್ಟಿಯಾದ ಮೇಲಷ್ಟೇ ಒಳಗೆ ಹರಿದದ್ದನ್ನು ಚಾಕುವಿನಿಂದ ಕೆತ್ತಬೇಕು. ಚರ್ಮ ತಾಗಿದ ಅಂಚು ಮಂಕಾಗಿ, ದುಂಡಗೆ ಇರುತ್ತದೆ. ಹೊಳೆಯುತ್ತಿದ್ದರೆ ಅದಕ್ಕೆ ಏನೂ ತಾಗೇ ಇಲ್ಲ. ವಿದ್ಯಾರ್ಥಿಗೆ ಈ ಮಂಕು-ಹೊಳಪಿನ ವ್ಯತ್ಯಾಸ ಕಾಣತೊಡಗಿದರೆ ಎರಡು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಇಳಿಯುತ್ತದೆ.

ಓಕರಿಕೆಗೆ: ರೋಗಿಯನ್ನು ನೇರ ಕೂರಿಸಿ, ಮೊದಲು ಕೆಳದವಡೆಯ ಅಚ್ಚು, ಆಮೇಲೆ ಮೇಲಿನದು. ಮೇಲಿನ ಟ್ರೇಯನ್ನು ಹಿಂಭಾಗ ಮೊದಲು ಕೂರಿಸಿ ನಂತರ ಮುಂಭಾಗ ಎತ್ತಬೇಕು, ಆಗ ಹೆಚ್ಚಾದದ್ದು ಮುಂದಕ್ಕೆ ಹರಿಯುತ್ತದೆ. ಮುಂಭಾಗ ಮೊದಲು ಒತ್ತಿದರೆ ಎಲ್ಲ ಗಂಟಲಿಗೇ. ಕೂತ ಮೇಲೆ ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಲು ಹೇಳಿ.

---

ಫ್ರೀವೇ:

ಮೇಲಿನದಕ್ಕೆಲ್ಲ ಒಪ್ಪಿಗೆ, ಹಲ್ಲು ಜೋಡಣೆಯ ಬಗ್ಗೆ ಮಾತ್ರ ಅರ್ಧ ತಕರಾರು. ಮತ್ತೊಮ್ಮೆ ಇಡೀ ಸೆಟ್ ಜೋಡಿಸುವುದು ಬೇಡ, ಸರಿ. ಆದರೆ ಜೋಡಿಸಿದ್ದರಲ್ಲಿ ತಪ್ಪು ಹುಡುಕಿ ತಿದ್ದುವುದು ಬೇಕು. ಟ್ರೈ-ಇನ್‌ನಲ್ಲಿ ಮಾಡುವುದು ಅದೇ ಕೆಲಸ ತಾನೇ.

ಜಾ ರಿಲೇಷನ್‌ಗೆ ಎರಡು ಸೆಷನ್ ಇಡಿ. ರೋಗಿ ದವಡೆ ಮುಂದೆ ಚಾಚುತ್ತಾರೆ ಎಂದು ಎಲ್ಲರೂ ರೋಗಿಯನ್ನು ದೂರುತ್ತಾರೆ. ಅರ್ಧಕ್ಕರ್ಧ ಸಲ ತಪ್ಪು ರೆಕಾರ್ಡ್ ಬೇಸ್‌ನದು (ರಿಮ್ ಹೊತ್ತ ತಾತ್ಕಾಲಿಕ ಬೇಸ್). ಬೇಸ್ ಅಲುಗಾಡುತ್ತಿದ್ದರೆ ರೋಗಿ ಅದನ್ನು ತುಟಿ, ನಾಲಿಗೆಯಲ್ಲಿ ಹಿಡಿದುಕೊಳ್ಳಲು ಹೋಗುತ್ತಾರೆ, ದವಡೆ ತಾನಾಗಿ ಮುಂದೆ ಬರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಕಾಸ್ಟ್ ಮೇಲೇ ಆಗಲಿ: ಬೇಸ್‌ನ ಒಂದು ಬದಿಯನ್ನು ಬೆರಳಿಂದ ಒತ್ತಿದಾಗ ಇನ್ನೊಂದು ಬದಿ ಎದ್ದರೆ ಅದನ್ನು ಬಾಯಿಗೆ ಒಯ್ಯಲು ಬಿಡಬೇಡಿ.

ಎರಡನೆಯ ಕಳ್ಳ ಇರುವುದು ಹಿಂಭಾಗದಲ್ಲಿ. ಮೇಲಿನ ಬೇಸ್‌ನ ಟ್ಯೂಬರಾಸಿಟಿ (ಮೇಲ್ದವಡೆಯ ಹಿಂತುದಿಯ ಉಬ್ಬು) ಭಾಗವೂ ಕೆಳಗಿನ ಬೇಸ್‌ನ ರೆಟ್ರೋಮೋಲಾರ್ ಪ್ಯಾಡ್ (ಕೆಳದವಡೆಯ ಹಿಂತುದಿಯ ಮೆತ್ತನೆ ದಿಂಬು) ಭಾಗವೂ ರಿಮ್‌ಗಳಿಗಿಂತ ಮೊದಲೇ ಒಂದಕ್ಕೊಂದು ತಾಗುತ್ತವೆ. ಆಗ ಬೇಸ್ ಓರೆಯಾಗಿ ಎದ್ದು, ಕಾಗದದ ಮೇಲೆ ಎಲ್ಲ ಸರಿ ಕಂಡರೂ ಟ್ರೈ-ಇನ್‌ನಲ್ಲಿ ಹಿಂದಿನ ಹಲ್ಲು ತಾಗುವುದಿಲ್ಲ ಅಥವಾ ಮುಂದೆ ಬಾಯಿ ತೆರೆದೇ ಇರುತ್ತದೆ. ಪ್ರತಿ ವಿದ್ಯಾರ್ಥಿಯೂ ರಿಮ್ ಕಚ್ಚಿಸಿ, ಮೌತ್ ಮಿರರ್‌ನಿಂದ ಕೆನ್ನೆ ಸರಿಸಿ, ಹಿಂದೆ 1-2 ಮಿ.ಮೀ. ಸಂದು ಇದೆಯೇ ಎಂದು ನೋಡಿ ಬೋಧಕರಿಗೆ ತೋರಿಸಬೇಕು.

ಅಳತೆಗಳು ಬಾಯಿಪಾಠ ಇರಲಿ, ಆದರೆ ಅವು ಆರಂಭಕ್ಕಷ್ಟೇ ಎಂದೂ ತಿಳಿದಿರಲಿ: ಮೇಲಿನ ರಿಮ್ ಮುಂಭಾಗದಲ್ಲಿ ಸಲ್ಕಸ್‌ನಿಂದ ಅಂಚಿಗೆ 22 ಮಿ.ಮೀ., ಕೆಳಗಿನದು 18. ಕೆಳಗಿನ ರಿಮ್ ಹಿಂದೆ ರೆಟ್ರೋಮೋಲಾರ್ ಪ್ಯಾಡ್‌ನ ಮೂರನೇ ಎರಡರ ಎತ್ತರಕ್ಕೆ. ಬಾಯಲ್ಲಿ ತುಟಿ ಸಡಿಲ ಇರುವಾಗ ಮೇಲಿನ ಅಂಚು 1-2 ಮಿ.ಮೀ. ಕಂಡರೆ ಸಾಕು, ವಯಸ್ಸಾದವರಲ್ಲಿ ಅದಕ್ಕೂ ಕಡಿಮೆ. ಫಾಕ್ಸ್ ಪ್ಲೇನ್ (ರಿಮ್‌ನ ಸಮತಲ ನೋಡುವ ತಟ್ಟೆ) ಇಟ್ಟು ಮುಂದಿನಿಂದ ಕಣ್ಣುಪಾಪೆಗಳ ಗೆರೆಗೆ, ಬದಿಯಿಂದ ಮೂಗಿನ ಹೊಳ್ಳೆ-ಕಿವಿಯ ಟ್ರೇಗಸ್ ಗೆರೆಗೆ ಸಮಾನಾಂತರ ಮಾಡಬೇಕು. ಇದನ್ನು ಸಹಪಾಠಿಯ ಮುಖದ ಮೇಲೆ ಗೆರೆ ಎಳೆದು ಅಭ್ಯಾಸ ಮಾಡಿಸಬಹುದು.

ವರ್ಟಿಕಲ್‌ಗೆ (ದವಡೆಗಳ ನಡುವಿನ ಎತ್ತರ ಅಳೆಯಲು) ಮೂಗಿನ ತುದಿ, ಗದ್ದ ಎರಡಕ್ಕೂ ಚುಕ್ಕೆ ಇಟ್ಟು, ತುಟಿ ಒದ್ದೆ ಮಾಡಿ ನುಂಗಿ ಸಡಿಲ ಬಿಡಲು ಹೇಳಿ ಅಳೆಯಬೇಕು. ಒಂದೇ ಅಳತೆ ನಂಬಬೇಡಿ, ಮೂರು ಸಲ. ಅದರಿಂದ 2-4 ಮಿ.ಮೀ. ಕಳೆದರೆ ಕಚ್ಚಿದಾಗಿನ ಎತ್ತರ. ನಂತರ ಮಾತಿನಿಂದ ತಾಳೆ ನೋಡಿ. “ಅಮ್ಮ” ಎಂದಾಗ ತುಟಿಗಳು ಆಯಾಸವಿಲ್ಲದೆ ಕೂಡಬೇಕು. “ಸರಸ, ಸಂಸಾರ” ಎಂದಾಗ ಮುಂಭಾಗದ ರಿಮ್‌ಗಳು ಹತ್ತಿರ ಬರಬೇಕು, ತಾಗಬಾರದು. ಟಕಟಕ ಸದ್ದು ಬಂದರೆ ಎತ್ತರ ಹೆಚ್ಚಾಗಿದೆ. ಹೆಚ್ಚಾದ ಎತ್ತರದ ಡೆಂಚರ್ ಹಾಕಿದವರಿಗೆ ಇಡೀ ಒಸಡು ಉರಿಯುತ್ತದೆ, ಕೆನ್ನೆ ಸೋಲುತ್ತದೆ. ಕಡಿಮೆಯಾದರೆ ಬಾಯಿಯ ಮೂಲೆಗಳು ಕುಸಿದು ಮುಖಕ್ಕೆ ಮುಪ್ಪು ಬರುತ್ತದೆ.

ಸೆಂಟ್ರಿಕ್‌ಗೆ (ಕೆಳದವಡೆ ಮುಂದೆ ಚಾಚದೆ ಮುಚ್ಚುವ ಸ್ಥಾನ) ಬಲವಂತವಾಗಿ ಗದ್ದ ತಳ್ಳುವುದನ್ನು ಮೊದಲು ಬಿಡಿಸಿ, ತಳ್ಳಿದಷ್ಟೂ ಸ್ನಾಯು ಎದುರು ನಿಲ್ಲುತ್ತದೆ. ಮೇಲಿನ ಬೇಸ್‌ನ ಹಿಂಭಾಗದ ಮಧ್ಯದಲ್ಲಿ ಮೇಣದ ಒಂದು ಪುಟ್ಟ ಗುಂಡು ಇಡಿ, ನಾಲಿಗೆ ತುದಿಯನ್ನು ಅದಕ್ಕೆ ಮುಟ್ಟಿಸಿ ಹಾಗೇ ಮೆಲ್ಲಗೆ ಮುಚ್ಚಲು ಹೇಳಿ. “ಕಚ್ಚಿ” ಅನ್ನಬೇಡಿ, “ಹಿಂದಿನ ಹಲ್ಲಲ್ಲಿ ಮೆಲ್ಲಗೆ ಮುಚ್ಚಿ” ಅನ್ನಿ. ಕಚ್ಚಿ ಅಂದರೆ ಜನ ಮುಂದಿನ ಹಲ್ಲಿನಲ್ಲೇ ಕಚ್ಚುವುದು. ಮೇಲಿನ ರಿಮ್‌ನಲ್ಲಿ ಸಣ್ಣ ತೋಡು ಕೊರೆದು, ಕೆಳಗಿನ ರಿಮ್‌ನ ಹಿಂಭಾಗ ಸ್ವಲ್ಪ ಇಳಿಸಿ, ಆ ಜಾಗಕ್ಕೆ ಬೈಟ್ ಪೇಸ್ಟ್ ಹಾಕಿ. ರಿಮ್‌ನ ಮೇಣವನ್ನೇ ಕಾಯಿಸಿ ಕಚ್ಚಿಸಿದರೆ ಒಂದು ಬದಿ ಹೆಚ್ಚು ಮೆತ್ತಗಾಗಿ ಬೇಸ್ ಅತ್ತ ವಾಲುತ್ತದೆ. ಎರಡು ರೆಕಾರ್ಡ್ ತೆಗೆಸಿ. ಎರಡೂ ಆರ್ಟಿಕ್ಯುಲೇಟರ್‌ನಲ್ಲಿ (ಕಾಸ್ಟ್‌ಗಳನ್ನು ದವಡೆಯಂತೆ ಆಡಿಸುವ ಉಪಕರಣ) ಒಂದೇ ಜಾಗಕ್ಕೆ ಕೂರದಿದ್ದರೆ ಮೂರನೆಯದು.

ಅಭ್ಯಾಸಕ್ಕೆ ಒಂದು ಉಪಾಯ: ಬೋಧಕರು ನಾಲ್ಕು ಆರ್ಟಿಕ್ಯುಲೇಟರ್‌ಗಳಲ್ಲಿ ಬೇಕೆಂದೇ ತಪ್ಪು ಮಾಡಿಡಲಿ. ಒಂದರಲ್ಲಿ ಕೆಳಗಿನ ಕಾಸ್ಟ್ 2 ಮಿ.ಮೀ. ಮುಂದೆ, ಒಂದರಲ್ಲಿ ಬಲಬದಿ ಎತ್ತರ, ಒಂದರಲ್ಲಿ ಹಿಂಭಾಗದ ಬೇಸ್ ತಾಗಿರುವುದು, ಒಂದರಲ್ಲಿ ಎತ್ತರ ಹಿಡಿಯುವ ಪಿನ್ ಎದ್ದಿರುವುದು. ಯಾವುದು ಏನೆಂದು ವಿದ್ಯಾರ್ಥಿಗಳೇ ಕಂಡುಹಿಡಿಯಲಿ.

---

ಮೇಣದ ಬೆಂಚು:

ಹಿಂಭಾಗದ ಬೇಸ್ ತಾಗುವ ವಿಷಯ ನಮ್ಮ ಚೆಕ್‌ಲಿಸ್ಟ್‌ನಲ್ಲೇ ಇರಲಿಲ್ಲ, ಈಗಲೇ ಸೇರಿಸಿದೆ. ಪಾರ್ಶಿಯಲ್ ಬಗ್ಗೆ ಯಾರಾದರೂ ಬರೆಯಿರಿ. ಕೆನಡಿ ವರ್ಗೀಕರಣ ಕೇಳಿದರೆ ಥಟ್ಟನೆ ಹೇಳುತ್ತಾರೆ, ಕಾಸ್ಟ್ ಕೈಗೆ ಕೊಟ್ಟು ಡಿಸೈನ್ ಮಾಡಿ ಎಂದರೆ ಮೌನ.

---

ಸರ್ವೇಯರ್:

ಮೌನಕ್ಕೆ ಕಾರಣ ಇದೆ. 1925ರ ಕೆನಡಿ ವರ್ಗೀಕರಣ ಹಲ್ಲಿಲ್ಲದ ಜಾಗ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಡೆಂಚರ್ ಯಾವುದರ ಮೇಲೆ ನಿಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ. ವಿದ್ಯಾರ್ಥಿ ಕ್ಲಾಸ್ ಹೆಸರಿಟ್ಟು ಸೀದಾ ಕ್ಲಾಸ್ಪ್ (ಹಲ್ಲನ್ನು ಹಿಡಿಯುವ ಕೊಕ್ಕೆ) ಬರೆಯಲು ಹೋಗುತ್ತಾನೆ. ಕ್ರಮ ತಿರುಗಿಸಿ: ಮೊದಲು ರೆಸ್ಟ್ (ಹಲ್ಲಿನ ಮೇಲೆ ಕೂತು ಭಾರ ಇಳಿಸುವ ಚಾಚು), ಆಮೇಲೆ ಮೇಜರ್ ಕನೆಕ್ಟರ್ (ಎಡಬಲ ಬದಿಗಳನ್ನು ಸೇರಿಸುವ ಪಟ್ಟಿ), ನಂತರ ಎರಡನ್ನೂ ಜೋಡಿಸುವ ಮೈನರ್ ಕನೆಕ್ಟರ್, ಕೊನೆಗೆ ಕ್ಲಾಸ್ಪ್. ಭಾರ ಎಲ್ಲಿ ಇಳಿಯುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ, ಹಿಡಿತ ಕೊನೆಗೆ.

ಮೂರು ಸೆಷನ್ ಬೇಕು. ಮೊದಲನೆಯದು ಸರ್ವೇಯರ್ (ಕಾಸ್ಟಿನ ಅಂಡರ್‌ಕಟ್ ಹುಡುಕುವ ಉಪಕರಣ) ಮುಂದೆ. ಕಾಸ್ಟನ್ನು ಆಕ್ಲೂಸಲ್ ಪ್ಲೇನ್ (ಹಲ್ಲು ಕಚ್ಚುವ ಸಮತಲ) ಸಮತಟ್ಟಾಗಿರುವಂತೆ ಇಟ್ಟು ಅನಲೈಸಿಂಗ್ ರಾಡ್‌ನಿಂದ ನೋಡಿ, ಬೇಕಿದ್ದರಷ್ಟೇ ಸ್ವಲ್ಪ ಓರೆ. ಅಂಡರ್‌ಕಟ್ ಬೇಕು ಎಂದು ವಿಪರೀತ ಓರೆ ಮಾಡಿದರೆ ಅದು ಕಾಗದದ ಮೇಲಿನ ಅಂಡರ್‌ಕಟ್. ಡೆಂಚರ್ ಎಳೆಯುವ ಬಲ ಬರುವುದು ಆಕ್ಲೂಸಲ್ ಪ್ಲೇನ್‌ಗೆ ನೇರವಾಗಿ. ಕಾರ್ಬನ್ ಗೆರೆ ಎಳೆದ ಮೇಲೆ ಅಂಡರ್‌ಕಟ್ ಗೇಜ್. ಎರಕದ ಕೋಬಾಲ್ಟ್-ಕ್ರೋಮಿಯಂ ಕ್ಲಾಸ್ಪ್ ತುದಿಗೆ 0.25 ಮಿ.ಮೀ., ತಂತಿ ಕ್ಲಾಸ್ಪ್‌ಗೆ 0.5. ಎರಕದ ಕೈ ಗಡಸು, 0.5ಕ್ಕೆ ಕೂರಿಸಿದರೆ ಪ್ರತಿ ಸಲ ಹಾಕಿ ತೆಗೆಯುವಾಗಲೂ ಹಲ್ಲನ್ನು ಅಲ್ಲಾಡಿಸುತ್ತದೆ. ಮುಗಿದ ಮೇಲೆ ಟ್ರೈಪಾಡ್ ಗುರುತು (ಅದೇ ಓರೆಗೆ ಮತ್ತೆ ಇಡಲು ಮೂರು ಗುರುತು) ಹಾಕದೆ ಕಾಸ್ಟ್ ಇಳಿಸಬಾರದು. ಅದನ್ನೇ ಮರೆಯುತ್ತಾರೆ, ಲ್ಯಾಬ್‌ನವರು ಬೇರೆ ಓರೆಯಲ್ಲಿ ಸರ್ವೇ ಮಾಡುತ್ತಾರೆ.

ಎರಡನೆಯದು ರೆಸ್ಟ್ ಸೀಟ್ (ಹಲ್ಲಿನಲ್ಲಿ ರೆಸ್ಟ್ ಕೂರುವ ಕುಳಿ). ಟೈಪೊಡಾಂಟ್ (ಅಭ್ಯಾಸದ ಕೃತಕ ದವಡೆ) ಹಲ್ಲಿನ ಮೇಲೆ ಮೊದಲು ಗೈಡಿಂಗ್ ಪ್ಲೇನ್ (ಡೆಂಚರ್ ಒಂದೇ ದಾರಿಯಲ್ಲಿ ಇಳಿಯಲು ಹಲ್ಲಿನ ಬದಿಯ ಸಪಾಟು), ನಂತರ ರೆಸ್ಟ್ ಸೀಟ್. ತಿರುಗಿಸಿ ಮಾಡಿದರೆ ಗೈಡಿಂಗ್ ಪ್ಲೇನ್ ತಿಕ್ಕುವಾಗ ಸೀಟಿನ ಅಂಚೇ ಹೋಗುತ್ತದೆ. ಗುಂಡುತಲೆಯ ಡೈಮಂಡ್ ಬರ್, ದುಂಡಾದ ತ್ರಿಕೋನ, ಮಾರ್ಜಿನಲ್ ರಿಡ್ಜ್ (ಹಲ್ಲಿನ ಮೇಲ್ಮೈಯ ಅಂಚಿನ ಏಣು) ಮೇಲೆ 1.5 ಮಿ.ಮೀ. ಇಳಿತ, ತಳ ಹಲ್ಲಿನ ಮಧ್ಯದ ಕಡೆಗೆ ಇಳಿದಿರಬೇಕು. ಮೈನರ್ ಕನೆಕ್ಟರ್ ಜೊತೆಗಿನ ಕೋನ 90 ಡಿಗ್ರಿಗಿಂತ ಕಡಿಮೆ. ಹೊರಗೆ ಇಳಿಜಾರಾದ ಸೀಟ್ ಜಾರುಬಂಡೆ ಇದ್ದ ಹಾಗೆ: ಕಚ್ಚಿದಾಗೆಲ್ಲ ರೆಸ್ಟ್ ಜಾರುತ್ತದೆ, ಹಲ್ಲು ಅತ್ತ ತಳ್ಳಲ್ಪಡುತ್ತದೆ. ಆಳ ಗೊತ್ತಾಗಲು ಮೆತ್ತಗಿನ ಮೇಣದ ಚೂರು ಸೀಟಿನ ಮೇಲಿಟ್ಟು ಎದುರು ಹಲ್ಲಿನಿಂದ ಕಚ್ಚಿಸಿ, ಮೇಣದ ದಪ್ಪವನ್ನು ಗೇಜ್‌ನಲ್ಲಿ ಅಳೆಸಿ. ಕಣ್ಣಂದಾಜಿನಲ್ಲಿ 1.5 ಎಂದವರದ್ದು ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. ಅಷ್ಟು ತೆಳುವಾದ ರೆಸ್ಟ್ ಮುರಿಯುತ್ತದೆ.

ಮೂರನೆಯದು ಡಿಸೈನ್ ಮತ್ತು ಅದರ ಸಮರ್ಥನೆ. ಕೆಳದವಡೆಯ ಕ್ಲಾಸ್ ಒಂದು (ಎರಡೂ ಬದಿ ಹಿಂದಿನ ಹಲ್ಲಿಲ್ಲದ್ದು) ಒಂದನ್ನೇ ತೆಗೆದುಕೊಂಡು ಪೂರ್ತಿ ಮಾಡಿ, ಅದರಲ್ಲಿ ಎಲ್ಲ ಕಷ್ಟವೂ ಇದೆ. ರೆಸ್ಟನ್ನು ಹಲ್ಲಿಲ್ಲದ ಜಾಗದ ಪಕ್ಕಕ್ಕೆ ಇಡದೆ ಮೀಸಿಯಲ್ (ಮುಂದಿನ) ಕಡೆಗೆ ಏಕೆ ಇಡುತ್ತೇವೆ? ಹಿಂದಿನ ಸ್ಯಾಡಲ್ (ಒಸಡಿನ ಮೇಲೆ ಕೂತು ಹಲ್ಲು ಹೊರುವ ಭಾಗ) ಒಸಡಿನೊಳಕ್ಕೆ ಇಳಿದಾಗ ಇಡೀ ಡೆಂಚರ್ ರೆಸ್ಟ್ ಸುತ್ತ ತಿರುಗುತ್ತದೆ. ರೆಸ್ಟ್ ಮುಂದಿದ್ದರೆ ಕ್ಲಾಸ್ಪ್ ತುದಿ ಕೆಳಗೆ ಸರಿದು ಅಂಡರ್‌ಕಟ್‌ನಿಂದ ಬಿಡಿಸಿಕೊಳ್ಳುತ್ತದೆ, ಹಿಂದಿದ್ದರೆ ಮೇಲಕ್ಕೆ ಬಂದು ಹಲ್ಲನ್ನು ಎಳೆಯುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ರಟ್ಟಿನ ತುಂಡಿಗೆ ಡೆಂಚರ್ ಬದಿನೋಟ ಬರೆದು, ರೆಸ್ಟ್ ಇರುವಲ್ಲಿ ಗುಂಡುಸೂಜಿ ಚುಚ್ಚಿ ತಿರುಗಿಸಿ ತೋರಿಸಿ, ಒಂದೇ ನಿಮಿಷ.

ಲಿಂಗ್ವಲ್ ಬಾರ್‌ಗೆ (ಕೆಳದವಡೆಯ ನಾಲಿಗೆ ಬದಿಯ ಮೇಜರ್ ಕನೆಕ್ಟರ್) ಜಾಗವಿದೆಯೇ ಎಂಬುದನ್ನು ಕಾಸ್ಟ್ ನೋಡಿ ತೀರ್ಮಾನಿಸುವುದು ಇನ್ನೊಂದು ತಪ್ಪು. ನಾಲಿಗೆ ತುದಿಯನ್ನು ಮೇಲ್ದುಟಿಗೆ ಮುಟ್ಟಿಸಿದಾಗ ಬಾಯಿತಳ ಎಷ್ಟು ಏರುತ್ತದೆ ಎಂಬುದನ್ನು ಪ್ರೋಬ್‌ನಿಂದ ಅಳೆಯಬೇಕು. ಒಸಡಿನ ಅಂಚಿನಿಂದ 3-4 ಮಿ.ಮೀ. ಬಿಟ್ಟು, ಬಾರ್‌ಗೆ 4 ಮಿ.ಮೀ. ಎತ್ತರ. ಒಟ್ಟು 8ರ ಸುಮಾರು ಸಿಗದಿದ್ದರೆ ಲಿಂಗ್ವಲ್ ಪ್ಲೇಟ್ (ಹಲ್ಲಿನ ಹಿಂಬದಿಯನ್ನೂ ಮುಚ್ಚುವ ತಗಡು) ಯೋಚಿಸಿ. ಸಹಪಾಠಿಗಳ ಬಾಯಲ್ಲೇ ಅಳೆಯಿಸಿ, ಹಲ್ಲಿರುವುದರಿಂದ ಇಲ್ಲಿ ತೊಂದರೆಯೇ ಇಲ್ಲ.

---

ಹೊಸಬ_ಪ್ರಾಸ್ಥೋ:

ಮಧ್ಯೆ ಬಾಯಿ ಹಾಕುತ್ತೇನೆ. ಇಂಟ್ರಾಓರಲ್ ಸ್ಕ್ಯಾನರ್ (ಬಾಯೊಳಗಿನ ಡಿಜಿಟಲ್ ಅಚ್ಚು ತೆಗೆಯುವ ಕ್ಯಾಮೆರಾ) ಬಂದಿರುವಾಗ ಗ್ರೀನ್ ಸ್ಟಿಕ್‌ಗೆ ಇಷ್ಟು ಸಮಯ ಬೇಕೇ?

---

ಗ್ರೀನ್‌ಸ್ಟಿಕ್:

ಹಲ್ಲಿರುವ ಪಾರ್ಶಿಯಲ್‌ಗೆ ಸ್ಕ್ಯಾನರ್ ಒಳ್ಳೆಯದೇ. ಹಲ್ಲಿಲ್ಲದ ಬಾಯಲ್ಲಿ ಅದು ಕೆನ್ನೆ ಸರಿಸಿ ಹಿಡಿದಾಗಿನ ಮೇಲ್ಮೈಯನ್ನು ಸೆರೆಹಿಡಿಯುತ್ತದೆ. ಕೆನ್ನೆ, ನಾಲಿಗೆ ಕೆಲಸ ಮಾಡುವಾಗ ಸಲ್ಕಸ್ ಎಲ್ಲಿ ನಿಲ್ಲುತ್ತದೆ ಎಂಬುದನ್ನಲ್ಲ. ಅಂಚಿನ ಆಕಾರ, ಹಿಂಭಾಗದ ಸೀಲ್ ಎರಡಕ್ಕೂ ಏನನ್ನಾದರೂ ಬಾಯಲ್ಲಿ ಅಚ್ಚೊತ್ತಲೇಬೇಕು. ಗ್ರೀನ್ ಸ್ಟಿಕ್ ಬದಲು ಹೆವಿ ಬಾಡಿ ರಬ್ಬರ್ ಬಳಸಿ ಒಂದೇ ಸಲಕ್ಕೆ ಅಂಚು ಮಾಡಬಹುದು, ಆದರೆ ಕೈ ಪಳಗದವರು ಅದನ್ನು ಮಾಡಿದರೆ ಒಂದು ಕಡೆ ತಪ್ಪಿದ್ದಕ್ಕೆ ಎಲ್ಲ ಕಿತ್ತು ಹಾಕಬೇಕಾಗುತ್ತದೆ. ಗ್ರೀನ್ ಸ್ಟಿಕ್‌ನಲ್ಲಿ ಆ ಒಂದು ಕಡೆಯನ್ನಷ್ಟೇ ಕಾಯಿಸಿ ತಿದ್ದಬಹುದು. ಕಲಿಯುವವರಿಗೆ ಅದೇ ಲಾಭ.

---

ಫ್ಲಾಸ್ಕ್ ಪ್ರೆಸ್:

ಲ್ಯಾಬ್ ಬದಿಯಿಂದ ಸ್ವಲ್ಪ. ಮೇಲೆ ಎಲ್ಲರೂ ಬಾಯಿಯ ಬಗ್ಗೆ ಬರೆದಿದ್ದಾರೆ, ಅಚ್ಚು ಬಾಯಿಯಿಂದ ಹೊರಬಂದ ಮೇಲಿನ ಅರ್ಧ ಗಂಟೆಯ ಬಗ್ಗೆ ಯಾರೂ ಬರೆದಿಲ್ಲ. ಕೆಡುವುದು ಅಲ್ಲೇ ಹೆಚ್ಚು.

ಆಲ್ಜಿನೇಟ್ ಅಚ್ಚನ್ನು ನಲ್ಲಿ ನೀರಲ್ಲಿ ತೊಳೆದು, ನೀರು ಕೊಡವಿ, 1% ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿ ಮುಚ್ಚಿದ ಚೀಲದಲ್ಲಿ ಹತ್ತು ನಿಮಿಷ, ಮತ್ತೆ ತೊಳೆದು ಕೂಡಲೇ ಎರೆಯಬೇಕು. ಟಿಶ್ಯೂ ಕಾಗದದಲ್ಲಿ ಸುತ್ತಿ ಬೆಂಚಿನ ಮೇಲೆ ಇಟ್ಟು ಊಟಕ್ಕೆ ಹೋದರೆ ನೀರು ಬಿಟ್ಟು ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಹೀರಿ ಉಬ್ಬುತ್ತದೆ. ಎರಡೂ ಕೂಡದು. ಡೆಂಟಲ್ ಸ್ಟೋನ್ 100 ಗ್ರಾಂಗೆ 28-30 ಮಿ.ಲೀ. ನೀರು, ಬಟ್ಟಲಿಗೆ ನೀರು ಮೊದಲು, ಪುಡಿ ಆಮೇಲೆ. ಕಣ್ಣಳತೆಯಲ್ಲಿ ನೀರು ಹಾಕುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ. ವೈಬ್ರೇಟರ್ ಮೇಲೆ ಒಂದು ಮೂಲೆಯಿಂದ ಸ್ವಲ್ಪ ಸ್ವಲ್ಪ ಹರಿಸಬೇಕು. ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಬಿಡಿಸಿ. ರಾತ್ರಿಯಿಡೀ ಬಿಟ್ಟ ಕಾಸ್ಟಿನ ಮೈ ಸೀಮೆಸುಣ್ಣದಂತೆ ಪುಡಿಪುಡಿ.

ಫೈನಲ್ ಅಚ್ಚಿಗೆ ಬೀಡಿಂಗ್ (ಅಂಚಿನ ಸುತ್ತ ಮೇಣದ ಎಳೆ), ಬಾಕ್ಸಿಂಗ್ (ಸುತ್ತ ಮೇಣದ ಗೋಡೆ) ಮಾಡದೆ ಎರೆದರೆ ಬಾರ್ಡರ್ ಮೋಲ್ಡಿಂಗ್‌ಗೆ ಪಟ್ಟ ಕಷ್ಟವೆಲ್ಲ ನೀರಪಾಲು. ಅಂಚಿನ ದಪ್ಪ ಕಾಸ್ಟಿಗೆ ಬಂದಿರುವುದೇ ಇಲ್ಲ. ಅಂಚಿನ ಕೆಳಗೆ 2-3 ಮಿ.ಮೀ. ಬಿಟ್ಟು ಬೀಡಿಂಗ್ ಮೇಣ ಸುತ್ತಿದರೆ ಲ್ಯಾಂಡ್ ಏರಿಯಾ (ಕಾಸ್ಟಿನಲ್ಲಿ ಅಂಚಿನಾಚೆಯ ಕಟ್ಟೆ) ಸಿಗುತ್ತದೆ.

ಅಕ್ರಿಲಿಕ್ ಪ್ಯಾಕಿಂಗ್ ಲ್ಯಾಬ್‌ನವರೇ ಮಾಡಿದರೂ ಕಾರಣ ವಿದ್ಯಾರ್ಥಿಗೆ ಗೊತ್ತಿರಲಿ. ಪುಡಿ-ದ್ರವ ಪ್ರಮಾಣ ಗಾತ್ರದಲ್ಲಿ 3:1, ಪ್ಯಾಕ್ ಮಾಡುವುದು ಬೆರಳಿಗೆ ಅಂಟದ ಹಿಟ್ಟಿನ ಹದಕ್ಕೆ ಬಂದಾಗ. ಮುಂಚೆ ತುಂಬಿದರೆ ಹರಿದು ಹೋಗಿ ತೂತು ಉಳಿಯುತ್ತದೆ, ತಡವಾದರೆ ಫ್ಲಾಸ್ಕ್ ಪೂರ್ತಿ ಮುಚ್ಚದೆ ಡೆಂಚರ್ ಎತ್ತರವಾಗುತ್ತದೆ. 74 ಡಿಗ್ರಿಯಲ್ಲಿ 8 ಗಂಟೆ, ಅಥವಾ 74ರಲ್ಲಿ 2 ಗಂಟೆ ನಂತರ 100ರಲ್ಲಿ 1 ಗಂಟೆ. ಆ ದ್ರವ (ಮಾನೊಮರ್) 100.8 ಡಿಗ್ರಿಗೆ ಕುದಿಯುತ್ತದೆ, ಅಕ್ರಿಲಿಕ್ ಗಟ್ಟಿಯಾಗುವಾಗ ತಾನೂ ಶಾಖ ಬಿಡುತ್ತದೆ. ಸೀದಾ ಕುದಿನೀರಿಗೆ ಹಾಕಿದರೆ ದಪ್ಪ ಭಾಗದ ಒಳಗೆ ಗುಳ್ಳೆ ಏಳುವುದು ಅದಕ್ಕೇ. ಹಲ್ಲು ಕಳಚಿ ಬಂದರೆ ಹಲ್ಲಿನ ತಳದಲ್ಲಿ ಮೇಣ ಉಳಿದಿತ್ತೇ, ಸೆಪರೇಟಿಂಗ್ ದ್ರವ ತಗುಲಿತ್ತೇ ಎಂದು ಮೊದಲು ನೋಡಿ.

---

ಫ್ರೀವೇ:

ಒಂದು ಸೆಷನ್ ಡೆಂಚರ್ ಕೊಡುವ ದಿನಕ್ಕೆ ಮೀಸಲಿಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಕ್ರಮ ಮುಖ್ಯ: ಮೊದಲು ಒಳಮೈಯನ್ನು ಹತ್ತಿಯಿಂದ ಸವರುವುದು (ಎಳೆ ಸಿಕ್ಕಿಕೊಂಡಲ್ಲಿ ಚೂಪು ಇದೆ), ನಂತರ ಪ್ರೆಶರ್ ಇಂಡಿಕೇಟಿಂಗ್ ಪೇಸ್ಟ್, ನಂತರ ಅಂಚುಗಳು, ಕಚ್ಚು ಕೊನೆಗೆ. ಪೇಸ್ಟನ್ನು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತೆಳ್ಳಗೆ ಗೆರೆಗೆರೆಯಾಗಿ ಹಚ್ಚಬೇಕು. ಡೆಂಚರ್ ತೆಗೆದಾಗ ಗೆರೆ ಹಾಗೇ ಉಳಿದಲ್ಲಿ ತಾಗಿಲ್ಲ, ಗೆರೆ ಅಳಿದು ಪೇಸ್ಟ್ ಉಳಿದಲ್ಲಿ ಸರಿಯಾಗಿ ತಾಗಿದೆ, ಪೇಸ್ಟ್ ಪೂರ್ತಿ ಒರೆಸಿ ಅಕ್ರಿಲಿಕ್ ಕಂಡಲ್ಲಿ ಒತ್ತುತ್ತಿದೆ. ಒಳಮೈ ಸರಿಮಾಡುವ ಮೊದಲೇ ಆರ್ಟಿಕ್ಯುಲೇಟಿಂಗ್ ಪೇಪರ್ ಹಿಡಿದು ಹಲ್ಲು ತಿಕ್ಕುವವರು ತಪ್ಪು ಹಲ್ಲನ್ನು ತಿಕ್ಕುತ್ತಾರೆ, ಏಕೆಂದರೆ ಡೆಂಚರ್ ಇನ್ನೂ ತನ್ನ ಜಾಗಕ್ಕೆ ಕೂತೇ ಇಲ್ಲ.

24 ಗಂಟೆಗೆ ಮತ್ತೆ ಕರೆಯಿರಿ. ನೋವಾದರೆ ತೆಗೆದಿಡಲಿ, ಆದರೆ ಬರುವ ದಿನ ಕೆಲವು ಗಂಟೆ ಹಾಕಿಕೊಂಡೇ ಬರಬೇಕು ಎಂದು ವಿದ್ಯಾರ್ಥಿ ರೋಗಿಗೆ ಬಿಡಿಸಿ ಹೇಳಲಿ. ಇಲ್ಲದಿದ್ದರೆ ಹುಣ್ಣಿನ ಗುರುತೇ ಮಾಸಿರುತ್ತದೆ. ಸಲ್ಕಸ್‌ನಲ್ಲಿ ಗೆರೆಯಂತೆ ಗಾಯವಿದ್ದರೆ ಅಂಚು ಉದ್ದ, ಅಂಚನ್ನು ತಿಕ್ಕಿದರಾಯಿತು. ಒಸಡಿನ ದಿಣ್ಣೆಯ ಮೇಲೆ ಕೆಂಪು ಚುಕ್ಕೆ ಇದ್ದರೆ ಬಹಳಷ್ಟು ಸಲ ತಪ್ಪು ಕಚ್ಚಿನದು, ಅಲ್ಲಿ ಒಳಮೈ ಕೆರೆದರೆ ನೋವು ನಾಲ್ಕು ದಿನ ಬಿಟ್ಟು ಪಕ್ಕದಲ್ಲೇ ಎದ್ದು ಬರುತ್ತದೆ.

---

ಮೇಣದ ಬೆಂಚು:

ಸದ್ಯಕ್ಕೆ ಹೀಗೆ ಹಾಕಿಕೊಂಡಿದ್ದೇನೆ: ಕೆಟ್ಟ ಅಚ್ಚು ಓದುವುದು 1, ಟ್ರೇ-ಬಾರ್ಡರ್ ಮೋಲ್ಡಿಂಗ್ ಸಹಪಾಠಿಗಳ ಮೇಲೆ 3, ಜಾ ರಿಲೇಷನ್ 2, ಪಾರ್ಶಿಯಲ್ 3, ಡೆಂಚರ್ ಕೊಡುವುದು 1. ಎರೆಯುವುದು, ಬಾಕ್ಸಿಂಗ್ ಬೇರೆ ಸೆಷನ್ ಅಲ್ಲ, ಬಾರ್ಡರ್ ಮೋಲ್ಡಿಂಗ್ ಮಾಡಿದ ಅಚ್ಚನ್ನೇ ಅದೇ ದಿನ ಎರೆಯಬೇಕು. ಅಂಕ ಕೊಡುವ ಬದಲು ಪ್ರತಿ ಹೆಜ್ಜೆಗೂ ಬೋಧಕರ ಸಹಿ, ಸಹಿ ಇಲ್ಲದೆ ಮುಂದಿನ ಹೆಜ್ಜೆ ಇಲ್ಲ. ಒಂದೇ ಅನುಮಾನ: ಸಹಿ ಹಾಕುವವರು ಇಬ್ಬರು, ವಿದ್ಯಾರ್ಥಿಗಳು ಇಪ್ಪತ್ತು.

---

ಸರ್ವೇಯರ್:

ಬೋಧಕರ ಹತ್ತಿರ ಬರುವ ಮೊದಲು ವಿದ್ಯಾರ್ಥಿ ತನ್ನ ಅಚ್ಚಿನ ತಪ್ಪನ್ನು ತಾನೇ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿ ತರಲಿ. ಅವನು ಗುರುತಿಸಿದ್ದೂ ನೀವು ನೋಡಿದ್ದೂ ಒಂದೇ ಆದರೆ ಸಹಿಗೆ ಅರ್ಧ ನಿಮಿಷ. ತಾಳೆಯಾಗದವರ ಜೊತೆ ಮಾತ್ರ ಕೂತು ಮಾತಾಡಿ.